ಚೀಟಿಗೆ ಸಹಿ ಯಾರದು?

"ಸಿಸ್ಟರ್, ಡ್ರಿಪ್ ಮುಗಿಯಿತು" ಎಂದು ವಾರ್ಡಿನಿಂದ ಯಾರೋ ಕೂಗುತ್ತಾರೆ. ಸಿಸ್ಟರ್ ಬಂದು ಬಾಟಲಿ ಬದಲಿಸುತ್ತಾರೆ. ಮುಂದೇನು ಎಂದು ಕೇಳಿದರೆ, "ಡಾಕ್ಟರ್ ರೌಂಡ್ಸಿಗೆ ಬರಲಿ" ಎನ್ನುತ್ತಾರೆ. ಎಷ್ಟೋ ಸಲ ಉತ್ತರ ಅವರಿಗೆ ಗೊತ್ತಿರುತ್ತದೆ, ಹೇಳುವ ಅಧಿಕಾರವಿರುವುದಿಲ್ಲ.

ಅಮೆರಿಕದಲ್ಲಿ ನರ್ಸಿಂಗ್‌ನಲ್ಲೇ ಉನ್ನತ ವ್ಯಾಸಂಗ ಮಾಡಿದವರಿಗೆ ನಾಲ್ಕು ದಾರಿಗಳಿವೆ. ರೋಗ ಗುರುತಿಸಿ ಔಷಧ ಬರೆಯುವ ನರ್ಸ್ ಪ್ರಾಕ್ಟಿಷನರ್, ಅರಿವಳಿಕೆ ಕೊಡುವ ನರ್ಸ್, ಹೆರಿಗೆ ಮಾಡಿಸುವ ನರ್ಸ್ ಮಿಡ್‌ವೈಫ್, ಒಂದು ವಿಭಾಗದಲ್ಲಿ ಪಳಗಿದ ಕ್ಲಿನಿಕಲ್ ನರ್ಸ್ ಸ್ಪೆಷಲಿಸ್ಟ್. ಇವು ಯಾರೋ ಕೂತು ಹಾಕಿದ ಯೋಜನೆಯಿಂದ ಬಂದವಲ್ಲ. ವೈದ್ಯರು ಬೇಡವೆಂದು ಬಿಟ್ಟ ಕೆಲಸದಲ್ಲಿ, ವೈದ್ಯರು ಕಾಲಿಡದ ಊರುಗಳಲ್ಲಿ ತಾವಾಗಿ ಮೊಳೆತವು.

ಅರಿವಳಿಕೆಯದೇ ಹಳೆಯ ಕಥೆ. 19ನೇ ಶತಮಾನದ ಕೊನೆಯಲ್ಲಿ, ಪ್ರಜ್ಞೆ ತಪ್ಪಿಸುವ ಈಥರ್ ಎಂಬ ದ್ರವವನ್ನು ಕೊಡುವುದು ಗೌರವದ ಕೆಲಸವಾಗಿರಲಿಲ್ಲ. ಅದನ್ನು ಕಲಿಕೆಯಲ್ಲಿರುವ ಹುಡುಗರಿಗೆ ವಹಿಸುತ್ತಿದ್ದರು. ಅವರ ಕಣ್ಣೆಲ್ಲ ಶಸ್ತ್ರಚಿಕಿತ್ಸೆಯ ಮೇಲೆ. ಮಿನೆಸೋಟದ ರಾಚೆಸ್ಟರ್‌ನಲ್ಲಿ ಶಸ್ತ್ರವೈದ್ಯರಾದ ಮೇಯೊ ಸಹೋದರರು ಈ ಕೆಲಸವನ್ನು ಆಲಿಸ್ ಮಗಾ ಎಂಬ ನರ್ಸ್‌ಗೆ ಒಪ್ಪಿಸಿದರು. ರೋಗಿಯ ಮೂಗು ಬಾಯಿಯ ಮೇಲೆ ಬಟ್ಟೆಯ ಮುಖವಾಡವಿಟ್ಟು, ಹನಿ ಹನಿಯಾಗಿ ಈಥರ್ ತೊಟ್ಟಿಕ್ಕಿಸುತ್ತ, ಮೆಲ್ಲಗೆ ಮಾತನಾಡಿಸುತ್ತಲೇ ನಿದ್ದೆಗೆ ಇಳಿಸುವುದು ಆಕೆಯ ಕ್ರಮ. ಭಯ ಕಡಿಮೆಯಾದರೆ ಈಥರ್ ಕಡಿಮೆ ಸಾಕು ಎಂಬುದು ಅವರ ಅನುಭವ. 1906ರಲ್ಲಿ 14,000ಕ್ಕೂ ಹೆಚ್ಚು ಪ್ರಕರಣಗಳ ವಿವರ ಪ್ರಕಟಿಸಿದರು. ಅರಿವಳಿಕೆಯಿಂದ ಸತ್ತವರು ಒಬ್ಬರೂ ಇರಲಿಲ್ಲ.

ಕೆಲಸಕ್ಕೆ ಬೆಲೆ ಬಂದ ಮೇಲೆ ವಾರಸುದಾರರೂ ಬಂದರು. ಅರಿವಳಿಕೆ ಕೊಡುವುದು ವೈದ್ಯವೃತ್ತಿಯೇ, ನರ್ಸ್ ಅದನ್ನು ಮಾಡುವುದು ಕಾನೂನುಬಾಹಿರ ಎಂದು ಲಾಸ್ ಏಂಜಲೀಸ್‌ನ ವೈದ್ಯರು ಡ್ಯಾಗ್ಮಾರ್ ನೆಲ್ಸನ್ ಎಂಬ ನರ್ಸ್ ವಿರುದ್ಧ ದಾವೆ ಹೂಡಿದರು. ಶಸ್ತ್ರವೈದ್ಯರ ನಿರ್ದೇಶನದಲ್ಲಿ ನಡೆಯುವ ಈ ಕೆಲಸ ವೈದ್ಯವೃತ್ತಿಯ ಅತಿಕ್ರಮಣವಲ್ಲ ಎಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1936ರಲ್ಲಿ ತೀರ್ಪಿತ್ತಿತು. ನರ್ಸ್ ಗೆದ್ದರು ನಿಜ, ಆದರೆ 'ವೈದ್ಯರ ನಿರ್ದೇಶನದಲ್ಲಿ' ಎಂಬ ಮಾತು ಗಂಟುಬಿತ್ತು. ಮುಂದಿನ ಜಗಳಗಳೆಲ್ಲ ಆ ಗಂಟಿನ ಸುತ್ತಲೇ.

ಕೆಂಟಕಿಯ ಗುಡ್ಡಗಾಡಿನಲ್ಲಿ ಜಗಳಕ್ಕೆ ವೈದ್ಯರೇ ಇರಲಿಲ್ಲ. ತನ್ನ ಇಬ್ಬರು ಮಕ್ಕಳನ್ನು ಕಳೆದುಕೊಂಡಿದ್ದ ಮೇರಿ ಬ್ರೆಕಿನ್‌ರಿಜ್ ಇಂಗ್ಲೆಂಡಿಗೆ ಹೋಗಿ ಸೂಲಗಿತ್ತಿ ವಿದ್ಯೆ ಕಲಿತು ಬಂದು, 1925ರಲ್ಲಿ ಅಲ್ಲಿ ಸೇವಾಸಂಸ್ಥೆ ಕಟ್ಟಿದರು. ರಸ್ತೆಗಳಿಲ್ಲದ ಕಾರಣ ನರ್ಸ್‌ಗಳು ಔಷಧದ ಚೀಲಗಳನ್ನು ಜೀನಿಗೆ ಕಟ್ಟಿ, ಕುದುರೆಯೇರಿ ಹೊಳೆ ದಾಟಿ ಹೋಗುತ್ತಿದ್ದರು. ಕಾಸಿಲ್ಲದ ಮನೆಯವರು ಶುಲ್ಕವನ್ನು ವಸ್ತುವಿನಲ್ಲೋ ದುಡಿಮೆಯಲ್ಲೋ ತೀರಿಸುತ್ತಿದ್ದರು.

ಕ್ಲಿನಿಕಲ್ ನರ್ಸ್ ಸ್ಪೆಷಲಿಸ್ಟ್‌ಗಳದು ಹೆಚ್ಚು ಸದ್ದಿಲ್ಲದ ದಾರಿ: 1954ರಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ನರ್ಸಿಂಗ್ ಅಧ್ಯಾಪಕಿ ಹಿಲ್ಡೆಗಾರ್ಡ್ ಪೆಪ್ಲೌ ಮನೋರೋಗ ಶುಶ್ರೂಷೆಯ ಸ್ನಾತಕೋತ್ತರ ತರಗತಿ ತೆರೆದರು.

ಹೆಚ್ಚು ಗದ್ದಲ ಎದ್ದದ್ದು 1965ರಲ್ಲಿ. ಕೊಲರಾಡೊದ ಹಳ್ಳಿಗಳಲ್ಲಿ ಮಕ್ಕಳ ಆರೋಗ್ಯ ನೋಡುತ್ತಿದ್ದ ನರ್ಸ್ ಲೊರೆಟ್ಟಾ ಫೋರ್ಡ್ ಮತ್ತು ಮಕ್ಕಳ ವೈದ್ಯ ಹೆನ್ರಿ ಸಿಲ್ವರ್ ಸೇರಿ ಮೊದಲ ನರ್ಸ್ ಪ್ರಾಕ್ಟಿಷನರ್ ತರಬೇತಿ ಆರಂಭಿಸಿದರು. ವಿರೋಧಿಸಿದವರು ವೈದ್ಯರಷ್ಟೇ ಅಲ್ಲ. ನರ್ಸಿಂಗ್ ಅಧ್ಯಾಪಕರೇ 'ಅರೆ ಡಾಕ್ಟರುಗಳನ್ನು ತಯಾರಿಸುತ್ತಿದ್ದೀರಿ' ಎಂದು ಮುಖ ತಿರುಗಿಸಿದರು. ಸ್ವಂತ ಮನೆಯ ಈ ಮುನಿಸು ಹೆಚ್ಚು ನೋಯಿಸಿರಬೇಕು. 1971ರಲ್ಲಿ ಐಡಹೊ ರಾಜ್ಯ ಮೊದಲಿಗೆ ನರ್ಸ್ ಪ್ರಾಕ್ಟಿಷನರ್‌ಗಳ ಅಧಿಕಾರವನ್ನು ಕಾನೂನಿಗೆ ಸೇರಿಸಿತು. ಇಂದು ಅರ್ಧಕ್ಕೂ ಹೆಚ್ಚು ರಾಜ್ಯಗಳಲ್ಲಿ ಅವರು ವೈದ್ಯರ ಮೇಲ್ವಿಚಾರಣೆಯಿಲ್ಲದೆ ಚಿಕಿತ್ಸೆ ಕೊಡಬಹುದು. ಆದರೂ ಸರ್ಕಾರಿ ವಿಮೆಯಾದ ಮೆಡಿಕೇರ್ ಇವರಿಗೆ ಕೊಡುವುದು ವೈದ್ಯರ ದರದ ಶೇ. 85 ಮಾತ್ರ. ಫೋರ್ಡ್ 2025ರ ಜನವರಿಯಲ್ಲಿ ತೀರಿಕೊಂಡರು, 104ನೇ ವಯಸ್ಸಿನಲ್ಲಿ.

ನಮ್ಮಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತು ತೀವ್ರ ನಿಗಾ ಘಟಕಗಳಿಗಾಗಿ ಎರಡು ವರ್ಷದ ನರ್ಸ್ ಪ್ರಾಕ್ಟಿಷನರ್ ಕೋರ್ಸ್ ರೂಪಿಸಿದೆ. ಅದನ್ನು ಮುಗಿಸಿದವರೂ ಔಷಧದ ವಿಷಯದಲ್ಲಿ ಆಸ್ಪತ್ರೆಯ ಲಿಖಿತ ನಿಯಮಗಳ ಗೆರೆ ದಾಟುವಂತಿಲ್ಲ. ವೈದ್ಯರಲ್ಲದ ಮಧ್ಯಮ ಹಂತದ ಆರೋಗ್ಯ ಕಾರ್ಯಕರ್ತರಿಗೆ ಚಿಕಿತ್ಸೆ ನೀಡಲು ಸೀಮಿತ ಪರವಾನಗಿ ಕೊಡುವ ಅವಕಾಶ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯಲ್ಲಿ ಬಂದಾಗ ದೇಶದಾದ್ಯಂತ ವೈದ್ಯರು ಮುಷ್ಕರ ಹೂಡಿದ್ದರು.

ಹೆರಿಗೆಯ ವಿಷಯದಲ್ಲಿ ಕೇಂದ್ರ ಸರ್ಕಾರ 2018ರ ಡಿಸೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿ, ನರ್ಸ್‌ಗಳಿಗೆ ಒಂದೂವರೆ ವರ್ಷದ ಮಿಡ್‌ವೈಫ್ ತರಬೇತಿ ಘೋಷಿಸಿತು. ಅದೇ ತಿಂಗಳ 25ರಂದು ಪಾವಗಡದ ಸೂಲಗಿತ್ತಿ ನರಸಮ್ಮ ಕಣ್ಣುಮುಚ್ಚಿದರು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಆ ಕೈಗಳಿಗೆ ನರ್ಸಿಂಗ್ ತರಬೇತಿ ಇರಲಿಲ್ಲ. ಪದ್ಮಶ್ರೀ ಇತ್ತು, ತುಮಕೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಇತ್ತು.

ಹಳ್ಳಿಯ ಉಪಕೇಂದ್ರಗಳಲ್ಲಿ ಈಗ ನರ್ಸಿಂಗ್ ಓದಿದ ಸಮುದಾಯ ಆರೋಗ್ಯ ಅಧಿಕಾರಿಗಳು ಕೂತಿದ್ದಾರೆ. ವೈದ್ಯರು ಹಿಂದೆ ಬರೆದ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ತಿಂಗಳು ತಿಂಗಳು ಅವರೇ ಕೊಡುತ್ತಾರೆ. ಹೊಸದಾಗಿ ಮಾತ್ರೆ ಶುರುಮಾಡಬೇಕಾದರೆ ದೂರದ ವೈದ್ಯರೊಂದಿಗೆ ಮಾತನಾಡಿಸುವ ಸರ್ಕಾರಿ ಆನ್‌ಲೈನ್ ಸೇವೆ ಇ-ಸಂಜೀವನಿ ತೆರೆದು, ಕೈಗೆ ಪಟ್ಟಿ ಸುತ್ತಿಸಿಕೊಂಡು ಕುಳಿತ ಅಜ್ಜಿಯ ಬಿ.ಪಿ. ಎಷ್ಟೆಂದು ಪರದೆಗೆ ಓದಿ ಹೇಳಿ, ಆ ಕಡೆಯಿಂದ ವೈದ್ಯರ ಚೀಟಿ ಬರುವವರೆಗೆ ಕಾಯುತ್ತಾರೆ.