ಅಕ್ವೇರಿಯಂಗೆ ರಾತ್ರಿಯಿಡೀ ಬೆಳದಿಂಗಳ ದೀಪ ಬೇಕೇ?

ಪ್ರಶ್ನೆ: ನಮ್ಮ ಮನೆಯ ಹಾಲ್‌ನಲ್ಲಿ ಮೂರು ಅಡಿ ಉದ್ದ, ಒಂದು ಅಡಿ ಅಗಲದ ಅಕ್ವೇರಿಯಂ ಇದೆ. ಅದರಲ್ಲಿ ಏಂಜೆಲ್, ನಿಯಾನ್ ಟೆಟ್ರಾ ಮತ್ತು ಸಕ್ಕರ್ ಮೀನುಗಳಿವೆ. ರಾತ್ರಿ ದೊಡ್ಡ ದೀಪ ಆರಿಸಿದ ಮೇಲೆ ಬೆಳದಿಂಗಳಿನಂತೆ ಕಾಣುವ ನೀಲಿ ಎಲ್‌ಇಡಿ ಹಾಕಬೇಕೆಂದಿದ್ದೇವೆ. ಅದರಿಂದ ಮೀನುಗಳಿಗೆ ಒಳ್ಳೆಯದಾಗುತ್ತದೆಯೇ? ರಾತ್ರಿಯಿಡೀ ಉರಿಸಬಹುದೇ?
— ಗೋಣಿಕೊಪ್ಪಲಿನ ಓದುಗರು

ಉತ್ತರ: ದೀಪ ಹಾಕಬಹುದು, ಆದರೆ ರಾತ್ರಿಯಿಡೀ ಉರಿಸುವುದು ಬೇಡ. ಸಿಹಿನೀರಿನ ಮೀನುಗಳಿಗೆ ಈ ದೀಪದ ಅಗತ್ಯವಿಲ್ಲ. ಕತ್ತಲಾದ ಮೇಲೆ ತೊಟ್ಟಿಯೊಳಗೆ ಏನು ನಡೆಯುತ್ತದೆ ಎಂದು ನೋಡುವ ಆಸೆ ನಮ್ಮದು, ಮತ್ತು ಅದು ಒಳ್ಳೆಯ ಆಸೆಯೇ. ಆದರೆ ಅದಕ್ಕಾಗಿ ಮೀನುಗಳು ತಮ್ಮ ಕತ್ತಲೆಯನ್ನು ಕಳೆದುಕೊಳ್ಳುವಂತಾಗಬಾರದು.

ಮೀನಿಗೆ ನಮ್ಮಂತೆ ರೆಪ್ಪೆಗಳಿಲ್ಲ, ಕಣ್ಣು ಮುಚ್ಚಿಕೊಳ್ಳಲು ಅದಕ್ಕೆ ಬರುವುದಿಲ್ಲ. ಹಾಗಿದ್ದರೂ ಅದು ವಿಶ್ರಾಂತಿ ಪಡೆಯುತ್ತದೆ: ಗಿಡದ ಬುಡದಲ್ಲೋ ಮೂಲೆಯಲ್ಲೋ ರೆಕ್ಕೆಗಳನ್ನು ತುಸುವೇ ಆಡಿಸುತ್ತಾ ನಿಂತುಬಿಡುತ್ತದೆ, ಮೈಬಣ್ಣ ಮಸುಕಾಗುತ್ತದೆ. ನಿಯಾನ್ ಟೆಟ್ರಾದ ಹೊಳೆಯುವ ನೀಲಿ ಗೆರೆ ನಡುರಾತ್ರಿಯಲ್ಲಿ ಮಂಕಾಗಿರುವುದನ್ನು ಕಂಡು ರೋಗ ಬಂದಿತೆಂದು ಗಾಬರಿಯಾಗುವವರಿದ್ದಾರೆ. ಬೆಳಿಗ್ಗೆ ದೀಪ ಹಾಕಿದ ಸ್ವಲ್ಪ ಹೊತ್ತಿನಲ್ಲಿ ಬಣ್ಣ ಮರಳುತ್ತದೆ. ಈ ಹಗಲು-ರಾತ್ರಿಯ ಲಯವನ್ನು ಕಾಯುವುದರಲ್ಲಿ ಮಿದುಳಿನ ಪೀನಿಯಲ್ ಗ್ರಂಥಿಯಿಂದ ಕತ್ತಲಲ್ಲಿ ಸ್ರವಿಸುವ ಮೆಲಟೋನಿನ್ ಎಂಬ ಹಾರ್ಮೋನಿಗೆ ದೊಡ್ಡ ಪಾತ್ರವಿದೆ. ಯುರೋಪಿನ ಪರ್ಚ್ ಎಂಬ ಸಿಹಿನೀರಿನ ಮೀನಿನ ಮೇಲೆ ನಡೆಸಿದ ಪ್ರಯೋಗದಲ್ಲಿ, ರಾತ್ರಿಯಲ್ಲಿ ಕೇವಲ 1 ಲಕ್ಸ್‌ನಷ್ಟು ಬೆಳಕು ಬಿದ್ದರೂ ಈ ಹಾರ್ಮೋನು ಗಣನೀಯವಾಗಿ ತಗ್ಗುವುದು ಕಂಡುಬಂದಿತ್ತು.

1 ಲಕ್ಸ್ ಎಂದರೆ ಎಷ್ಟು? ಟ್ಯೂಬ್‌ಲೈಟ್ ಉರಿಯುವ ಸಾಧಾರಣ ಕೋಣೆಯಲ್ಲಿ 100 ಲಕ್ಸ್‌ನ ಸುಮಾರಿಗೆ ಬೆಳಕಿರುತ್ತದೆ. ಮೋಡವಿಲ್ಲದ ಹುಣ್ಣಿಮೆಯ ನಡುರಾತ್ರಿ ನೆಲದ ಮೇಲೆ ಬೀಳುವ ಬೆಳಕು 0.25 ಲಕ್ಸ್‌ನ ಆಸುಪಾಸಿನದು. ಹುತ್ತರಿಯ ರಾತ್ರಿ ಕದಿರು ತೆಗೆಯಲು ಗದ್ದೆಗೆ ಇಳಿದವರಿಗೆ ಈ ಬೆಳಕಿನ ಅಂದಾಜು ಚೆನ್ನಾಗಿರುತ್ತದೆ: ದಾರಿ ಕಾಣುತ್ತದೆ, ಜೊತೆಯಲ್ಲಿರುವವರ ಗುರುತು ಸಿಗುತ್ತದೆ, ಆದರೆ ಅವರು ಉಟ್ಟ ಬಟ್ಟೆಯ ಬಣ್ಣ ಹೇಳುವುದು ಕಷ್ಟ. ತೊಟ್ಟಿಯೊಳಗೂ ಅಷ್ಟೇ ಬೆಳಕು ಇರಬೇಕು. ಈಗ ಅಂಗಡಿಯ ದೀಪದ ಲೆಕ್ಕ ನೋಡಿ. ಒಂದು ವ್ಯಾಟ್‌ನ ಒಳ್ಳೆಯ ಬಿಳಿ ಎಲ್‌ಇಡಿ ಸುಮಾರು 100 ಲುಮೆನ್ ಬೆಳಕು ಕೊಡುತ್ತದೆ (ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲುಮೆನ್ ಬಿದ್ದರೆ ಅದು 1 ಲಕ್ಸ್). ಅದಷ್ಟೂ ನಿಮ್ಮ ತೊಟ್ಟಿಯ ಮೇಲೆ ಬಿದ್ದರೆ 300 ಲಕ್ಸ್ ದಾಟುತ್ತದೆ, ಅಂದರೆ ಹುಣ್ಣಿಮೆಯ ಸಾವಿರ ಪಟ್ಟಿಗಿಂತಲೂ ಹೆಚ್ಚು. ನಮ್ಮ ಕಣ್ಣಿಗೆ ಮಂಕಾಗಿ ತೋರುವ ನೀಲಿ ಪಟ್ಟಿದೀಪವೂ ಮೀನಿಗೆ ಬೆಳದಿಂಗಳಿಗಿಂತ ಎಷ್ಟೋ ಪಾಲು ಪ್ರಖರವಾಗಿರಬಹುದು ಎಂಬುದನ್ನು ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ.

ಬಣ್ಣದ ವಿಷಯದಲ್ಲಿಯೂ ಒಂದು ತಪ್ಪು ಕಲ್ಪನೆಯಿದೆ. ಬೆಳದಿಂಗಳು ನೀಲಿಯಲ್ಲ. ಅದು ಚಂದ್ರನ ಮೇಲ್ಮೈ ಹಿಂದಿರುಗಿಸಿದ ಸೂರ್ಯನ ಬೆಳಕೇ, ಅಳೆದು ನೋಡಿದರೆ ಬಿಸಿಲಿಗಿಂತ ತುಸು ಕೆಂಪಿನ ಕಡೆಗೇ ವಾಲಿರುತ್ತದೆ. ಮಂದ ಬೆಳಕಿನಲ್ಲಿ ಮನುಷ್ಯನ ಕಣ್ಣು ನೀಲಿ-ಹಸಿರು ಭಾಗಕ್ಕೆ ಹೆಚ್ಚು ಸ್ಪಂದಿಸುವುದರಿಂದ ನಮಗೆ ನೀಲಿಯೆನಿಸುತ್ತದೆ. ನೀಲಿ ದೀಪದ ರೂಢಿಗೆ ಹವಳ ಸಾಕುವವರ ಉಪ್ಪುನೀರಿನ ತೊಟ್ಟಿಗಳು ಬಹುಮಟ್ಟಿಗೆ ಕಾರಣ. ಕಡಲಿನ ಆಳಕ್ಕೆ ಇಳಿಯುವುದು ಮುಖ್ಯವಾಗಿ ನೀಲಿ ಬೆಳಕು, ಮತ್ತು ಹವಳಗಳ ಬದುಕು ನಿಜಕ್ಕೂ ಚಂದ್ರನಿಗೆ ಹೊಂದಿಕೊಂಡಿದೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ವಸಂತದ ಹುಣ್ಣಿಮೆ ಕಳೆದ ಕೆಲವು ರಾತ್ರಿಗಳಲ್ಲಿ ಲೆಕ್ಕವಿಲ್ಲದಷ್ಟು ಹವಳಗಳು ಒಟ್ಟಾಗಿ ಅಂಡಾಣುಗಳನ್ನೂ ವೀರ್ಯಾಣುಗಳನ್ನೂ ನೀರಿಗೆ ಬಿಡುತ್ತವೆ. ಅಂಥ ತೊಟ್ಟಿಗೆ ಸುಮಾರು 29.5 ದಿನಗಳ ಚಾಂದ್ರಚಕ್ರವನ್ನು ಅನುಸರಿಸಿ ಹೆಚ್ಚು-ಕಡಿಮೆಯಾಗುವ ದೀಪ ಹಾಕುವುದರಲ್ಲಿ ಅರ್ಥವಿದೆ. ಎಲೆ ಕೊಳೆತು ಚಹಾದ ಬಣ್ಣಕ್ಕೆ ತಿರುಗಿದ ಕಾಡಿನ ತೊರೆಗಳಲ್ಲಿಯಾದರೋ ಮೊದಲು ಮಾಯವಾಗುವುದು ನೀಲಿಯೇ. ನಿಯಾನ್ ಟೆಟ್ರಾ, ಏಂಜೆಲ್‌ಗಳ ಮೂಲ ಅಮೆಜಾನ್ ಪ್ರದೇಶದ ಇಂಥ ನೀರಿನಲ್ಲಿಯೂ ಇದೆ. ಆದ್ದರಿಂದ ನಿಮ್ಮ ತೊಟ್ಟಿಗೆ ತುಂಬಾ ಮಂದವಾದ ಬಿಳಿ ದೀಪವೇ ಸರಿ ಎಂದು ನನ್ನ ಅಭಿಪ್ರಾಯ. ನೀಲಿಯೇ ಬೇಕೆನಿಸಿದರೆ ಹಾಕಿ, ಹಾನಿಯಿಲ್ಲ. ಪ್ರಖರತೆಯೊಂದನ್ನು ಮಾತ್ರ ಹಿಡಿತದಲ್ಲಿಡಿ.

ಜೋಡಿಸುವ ಬಗೆ ಹೀಗೆ. ತೊಟ್ಟಿಯ ಉದ್ದಕ್ಕೂ ಪಟ್ಟಿದೀಪ ಅಂಟಿಸುವ ಬದಲು, ಒಂದೇ ಒಂದು ಚಿಕ್ಕ ಎಲ್‌ಇಡಿಯನ್ನು ಫಿಲ್ಟರ್‌ನ ನೀರು ಬೀಳುವ ಕಡೆಯ ತುದಿಯಲ್ಲಿ, ನೀರಿನಿಂದ ಆದಷ್ಟು ಎತ್ತರದಲ್ಲಿ ಕೂರಿಸಿ. ಅದರ ಮೇಲೆ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿ ಸೂಜಿಯಿಂದ ಸಣ್ಣ ರಂಧ್ರ ಮಾಡಿದರೆ ಬೆಳಕು ತಗ್ಗುತ್ತದೆ. ಜೊತೆಗೆ, ಒಂದೇ ಬಿಂದುವಿನಿಂದ ಹೊರಟ ಬೆಳಕು ಅಲುಗುವ ನೀರನ್ನು ಹಾದು ಬರುವುದರಿಂದ ತಳದ ಮರಳಿನ ಮೇಲೆ ತೆಳುವಾದ ಬೆಳಕಿನ ಬಲೆ ಹೆಣೆದು ಬಿಚ್ಚುತ್ತಾ ಸರಿದಾಡುತ್ತದೆ. ಉದ್ದನೆಯ ಪಟ್ಟಿದೀಪದಲ್ಲಿ ಈ ಸೊಬಗು ಸಿಗುವುದಿಲ್ಲ, ಬೆಳಕು ಎಲ್ಲ ಕಡೆಯಿಂದ ಬಂದು ಗೆರೆಗಳು ಕಲಸಿಹೋಗುತ್ತವೆ. ತೊಟ್ಟಿಯ ಇನ್ನೊಂದು ತುದಿ ಕತ್ತಲಾಗಿಯೇ ಉಳಿಯಲಿ, ಬೆಳಕು ಬೇಡವೆನಿಸಿದ ಮೀನು ಅಲ್ಲಿಗೆ ಹೋಗುತ್ತದೆ. ಕೋಣೆಯ ದೀಪಗಳನ್ನೆಲ್ಲ ಆರಿಸಿ, ಅರ್ಧ ಗಂಟೆ ಕಣ್ಣಿಗೆ ಕತ್ತಲೆ ಅಭ್ಯಾಸವಾದ ಮೇಲೆ, ತೊಟ್ಟಿಯ ಮುಚ್ಚಳದ ಕೆಳಗೆ ದಿನಪತ್ರಿಕೆ ಹಿಡಿದು ನೋಡಿ. ದಪ್ಪ ತಲೆಬರಹ ಕಂಡು, ಸಣ್ಣ ಅಕ್ಷರಗಳು ಓದಲು ಬಾರದಿದ್ದರೆ ಬೆಳಕು ಸರಿಯಾಗಿದೆ.

ಸಮಯಕ್ಕೆ ಟೈಮರ್ ಇರುವ ಪ್ಲಗ್ ಸಾಕು. ದೊಡ್ಡ ದೀಪ ಆರುವ ಹದಿನೈದು ನಿಮಿಷ ಮೊದಲೇ ಇದು ಹೊತ್ತಿಕೊಳ್ಳಲಿ, ನೀವು ಮಲಗುವ ಹೊತ್ತಿಗೆ, ಅಂದರೆ ಹೊತ್ತಿಕೊಂಡ ಎರಡು ತಾಸಿನೊಳಗೆ, ಆರಿಹೋಗಲಿ. ಪೂರ್ಣ ಬೆಳಕಿನಿಂದ ಏಕಾಏಕಿ ಕಗ್ಗತ್ತಲೆಗೆ ಬಿದ್ದಾಗ ಸಿಲ್ವರ್ ಶಾರ್ಕ್, ನಮ್ಮ ಪಶ್ಚಿಮ ಘಟ್ಟದ್ದೇ ಆದ ಡೆನಿಸನ್ ಬಾರ್ಬ್‌ನಂಥ ಚುರುಕು ಮೀನುಗಳು ಬೆದರಿ ಗಾಜಿಗೆ ಬಡಿದುಕೊಳ್ಳುತ್ತವೆ, ಹೊರಕ್ಕೂ ಹಾರುತ್ತವೆ. ಬೆಳದಿಂಗಳ ದೀಪದಿಂದ ಮೀನಿಗೆ ಆಗುವ ನಿಜವಾದ ಉಪಕಾರವೆಂದರೆ ಈ ಗಾಬರಿ ತಪ್ಪುವುದೊಂದೇ. ಇಷ್ಟು ಮಂದ ಬೆಳಕಿಗೆ ಪಾಚಿ ಬೆಳೆಯುವುದಿಲ್ಲ. ಪ್ರಖರ ನೀಲಿ ದೀಪವನ್ನು ಬೆಳಗಿನವರೆಗೆ ಬಿಟ್ಟರೆ ಬೆಳೆಯುತ್ತದೆ.

ನಿಮ್ಮಲ್ಲಿರುವ ಮೀನುಗಳ ಕೂಟದ ಬಗ್ಗೆ ಒಂದು ಎಚ್ಚರಿಕೆ. ಸಕ್ಕರ್ ಮೀನು ನಿಶಾಚರಿ, ಹಗಲಿಡೀ ಮರದ ತುಂಡಿನ ಕೆಳಗೆ ಅಡಗಿದ್ದು ಈ ಬೆಳಕಿನಲ್ಲಿ ಗಾಜಿನ ಮೇಲೆ ಬಾಯಿ ಒತ್ತಿಕೊಂಡು ಸಾಗುವುದನ್ನು ನೋಡಬಹುದು. ಆದರೆ ಬೆಳೆದ ಏಂಜೆಲ್‌ಗೆ ನಿಯಾನ್ ಟೆಟ್ರಾ ಆಹಾರ. ಅರೆಬೆಳಕಿನಲ್ಲಿ ಬೇಟೆಗಾರನಿಗೆ ಅನುಕೂಲ ಹೆಚ್ಚು, ನಿಂತಲ್ಲೇ ವಿಶ್ರಮಿಸುವ ಟೆಟ್ರಾ ತಪ್ಪಿಸಿಕೊಳ್ಳುವುದು ಕಷ್ಟ. ಏಂಜೆಲ್‌ಗಳು ದೊಡ್ಡದಾಗಿದ್ದರೆ ಮೊದಲು ಅವನ್ನು ಬೇರ್ಪಡಿಸಿ, ಆಮೇಲೆ ದೀಪದ ಯೋಚನೆ ಮಾಡಿ.

ಮುಂಗಾರಿನಲ್ಲಿ ನಮ್ಮಲ್ಲಿ ಗೋಡೆಯೂ ಬೆವರುವಷ್ಟು ತೇವವಿರುತ್ತದೆ. ಆದ್ದರಿಂದ 12 ವೋಲ್ಟ್‌ನ ದೀಪವನ್ನೇ ಕೊಳ್ಳಿ, ಅಡಾಪ್ಟರನ್ನು ತೊಟ್ಟಿಯಿಂದ ದೂರವಿಡಿ, ವೈರು ಸಾಕೆಟ್‌ಗಿಂತ ಕೆಳಕ್ಕೆ ಜೋತು ಬಂದು ಮತ್ತೆ ಮೇಲೇರುವಂತೆ ಬಿಡಿ. ವೈರಿನ ಗುಂಟ ಇಳಿದ ನೀರು ಆಗ ಸಾಕೆಟ್ಟಿಗೆ ಹೋಗದೆ ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ಮನೆಯ ಮೀಟರ್ ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಸಂಪರ್ಕ ಕಡಿಯುವ ಸುರಕ್ಷಾ ಸ್ವಿಚ್) ಇಲ್ಲದಿದ್ದರೆ ದೀಪಕ್ಕಿಂತ ಮೊದಲು ಅದನ್ನು ಹಾಕಿಸಿ. ಮಳೆಗೆ ಕರೆಂಟ್ ಹೋದಾಗ ಈ ದೀಪ ಆರಿದ್ದಕ್ಕೆ ಚಿಂತಿಸಬೇಕಿಲ್ಲ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಹೊಳೆಗಳ ಮೀನುಗಳೂ ಬಹಳಷ್ಟು ರಾತ್ರಿ ಚಂದ್ರನನ್ನು ಕಾಣುವುದಿಲ್ಲ. ಇನ್ವರ್ಟರ್ ಅಥವಾ ಬ್ಯಾಟರಿಯಲ್ಲಿ ಉಳಿದ ಶಕ್ತಿಯನ್ನು ಏರ್ ಪಂಪ್‌ಗೆ ಕೊಡಿ. ರಾತ್ರಿ ಜಲಸಸ್ಯಗಳೂ ಆಮ್ಲಜನಕವನ್ನು ಬಳಸುವುದರಿಂದ ಮೀನುಗಳಿಗೆ ಆಗ ಬೇಕಾಗುವುದು ಗಾಳಿ.