ಗಲ್ಫ್‌ಗೆ ಮುಸ್ಲಿಮರೇ ಜಾಸ್ತಿ ಹೋಗೋದು ಧರ್ಮದ ಕಾರಣಕ್ಕಾ?

ಓದುಗರ ಪ್ರಶ್ನೆ: "ಕೇರಳ, ಮಂಗಳೂರು, ಭಟ್ಕಳದ ಕಡೆಯಿಂದ ಗಲ್ಫ್‌ಗೆ ಹೋಗುವವರಲ್ಲಿ ಮುಸ್ಲಿಮರೇ ಜಾಸ್ತಿ. ಅಲ್ಲಿನವರದ್ದೂ ಅದೇ ಧರ್ಮ ಆಗಿರೋದ್ರಿಂದ ಕೆಲಸ ಸುಲಭವಾಗಿ ಸಿಗುತ್ತೆ, ಅಲ್ವಾ ಸರ್?"

ಅಲ್ಲ. ವಲಸೆಯ ಬಗ್ಗೆ ಏನೇ ಬರೆದರೂ ಕೊನೆಗೆ ಯಾರಾದರೂ ಒಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಈ ಸಲ ಸ್ವಲ್ಪ ಉದ್ದಕ್ಕೇ ಬರೆದುಬಿಡುತ್ತೇನೆ. ಮುಂದೆ ಕೇಳುವವರಿಗೆ ಇದನ್ನೇ ಕಳಿಸಿದರಾಯಿತು.

ಪ್ರಶ್ನೆಯ ಮೊದಲರ್ಧ ಪೂರ್ತಿ ಸುಳ್ಳೇನಲ್ಲ. ಕೇರಳದಲ್ಲಿ 1998ರಿಂದ ವಲಸೆ ಸಮೀಕ್ಷೆ ನಡೆಯುತ್ತಿದೆ. ಕೆ.ಸಿ. ಜಕರಿಯಾ ಮತ್ತು ಎಸ್. ಇರುದಯ ರಾಜನ್ ಶುರುಮಾಡಿದ್ದು. ಮನೆಮನೆಗೆ ಹೋಗಿ ಕೇಳಿ ಮಾಡುವ ಲೆಕ್ಕ ಅದು. 2023ರ ಸುತ್ತಿನ ಪ್ರಕಾರ ಸುಮಾರು 22 ಲಕ್ಷ ಮಲಯಾಳಿಗಳು ಹೊರದೇಶದಲ್ಲಿದ್ದಾರೆ, ಹೆಚ್ಚಿನವರು ಗಲ್ಫ್‌ನಲ್ಲೇ. ಅವರಲ್ಲಿ ಮುಸ್ಲಿಮರು ಶೇ. 42ರ ಹತ್ತಿರ. 2011ರ ಜನಗಣತಿಯಲ್ಲಿ ಕೇರಳದ ಜನಸಂಖ್ಯೆಯಲ್ಲಿ ಅವರ ಪಾಲು ಶೇ. 26.6. ಅಂದರೆ ಜನಸಂಖ್ಯೆಯ ಲೆಕ್ಕಕ್ಕಿಂತ ಜಾಸ್ತಿ ಹೋಗಿದ್ದಾರೆ, ಸರಿ. ಆದರೆ ಉಳಿದವರು, ಅಂದರೆ ಅರ್ಧಕ್ಕಿಂತ ಹೆಚ್ಚು ಜನ, ಹಿಂದೂಗಳು, ಕ್ರೈಸ್ತರು. ಈ ಭಾಗ ಮಾತ್ರ ಯಾಕೋ ಯಾರ ಕಣ್ಣಿಗೂ ಬೀಳುವುದಿಲ್ಲ.

ಈಗ ದ್ವಿತೀಯಾರ್ಧಕ್ಕೆ ಬರೋಣ. ಒಂದೇ ಧರ್ಮ ಅನ್ನೋದು ಕೆಲಸ ಕೊಡಿಸುವುದಾದರೆ ಯೆಮನ್‌ನವರಿಗೆ ಎಲ್ಲರಿಗಿಂತ ಮೊದಲು ಕೊಡಿಸಬೇಕಿತ್ತು. ಧರ್ಮವೂ ಅದೇ, ಭಾಷೆಯೂ ಅದೇ, ಊರೂ ಪಕ್ಕದ್ದೇ. 1990ರವರೆಗೆ ಸೌದಿಯಲ್ಲಿ ಅವರಿಗೆ ಕಫೀಲ್, ಅಂದರೆ ಜವಾಬ್ದಾರಿ ಹೊರುವ ಸ್ಥಳೀಯ ಮಾಲೀಕ, ಇಲ್ಲದೆಯೂ ದುಡಿಯಲು ಅವಕಾಶವಿತ್ತು. ಆ ವರ್ಷ ಇರಾಕ್ ಕುವೈತ್ ಮೇಲೆ ನುಗ್ಗಿತು. ಯೆಮನ್ ಸರ್ಕಾರ ಸೌದಿಯ ಪಕ್ಷ ವಹಿಸಲಿಲ್ಲ. ಆ ಸೌಲಭ್ಯ ಅದೇ ವರ್ಷ ರದ್ದಾಯಿತು. ಲಕ್ಷಗಟ್ಟಲೆ ಯೆಮನಿಗಳು ಗಂಟುಮೂಟೆ ಕಟ್ಟಿಕೊಂಡು ಗಡಿ ದಾಟಬೇಕಾಯಿತು. ಯುದ್ಧ ಮುಗಿದ ಮೇಲೆ ಕುವೈತ್‌ನಿಂದ ಪ್ಯಾಲೆಸ್ಟೀನಿಯರಿಗೂ ಇದೇ ಗತಿ. ಹತ್ತಾರು ವರ್ಷಗಳಿಂದ ಅಲ್ಲೇ ಮೇಷ್ಟ್ರು, ಎಂಜಿನಿಯರು, ಗುಮಾಸ್ತರಾಗಿದ್ದವರು ಅವರು.

ಗಲ್ಫ್‌ನ ದೊರೆಗಳಿಗೆ ಅರಬ್ ಕೆಲಸಗಾರರ ಬಗ್ಗೆ ಅದಕ್ಕೂ ಮೊದಲಿಂದಲೇ ಒಳಗೊಳಗೆ ಹೆದರಿಕೆ ಇತ್ತು. ಅದೇ ಭಾಷೆ ಮಾತಾಡುವವರು ರಾಜಕೀಯ ಮಾತಾಡುತ್ತಾರೆ, ಹಕ್ಕು ಕೇಳುತ್ತಾರೆ, ಇಲ್ಲೇ ನೆಲೆ ನಿಲ್ಲುತ್ತಾರೆ ಅಂತ. ಏಷ್ಯಾದಿಂದ ಬಂದವನು ಕಡಿಮೆ ಸಂಬಳಕ್ಕೆ ದುಡಿದು ವೀಸಾ ಮುಗಿದಾಗ ವಾಪಸ್ ಹೋಗುತ್ತಾನೆ. ನಮ್ಮವರಿಗೆ ಬಾಗಿಲು ತೆರೆದದ್ದು ಈ ಲೆಕ್ಕಾಚಾರದಿಂದ.

ಇಷ್ಟು ಹೇಳಿದ ಮೇಲೂ "ಆದ್ರೂ..." ಅನ್ನುವವರಿದ್ದಾರೆ. ಅವರಿಗೆ ನೇಪಾಳ ತೋರಿಸುತ್ತೇನೆ. ಅಲ್ಲಿ ನೂರಕ್ಕೆ 81 ಮಂದಿ ಹಿಂದೂಗಳು. ಕತಾರ್‌ನಲ್ಲಿ ಕಟ್ಟಡ ಕಟ್ಟಿದವರಲ್ಲಿ ದೊಡ್ಡ ಪಾಲು ನೇಪಾಳಿಗಳದ್ದು. ಫಿಲಿಪ್ಪೀನ್ಸ್ ಬಹುತೇಕ ಕ್ರೈಸ್ತ ದೇಶ, ಆದರೆ ಗಲ್ಫ್‌ನ ಯಾವ ಆಸ್ಪತ್ರೆಗೆ ಹೋದರೂ, ಯಾವ ಅಂಗಡಿಗೆ ಹೋದರೂ ಫಿಲಿಪ್ಪೀನ್ಸ್‌ನವರು ಸಿಗುತ್ತಾರೆ. ತೆಲಂಗಾಣದ ಕರೀಂನಗರ, ನಿಜಾಮಾಬಾದ್ ಕಡೆಯಿಂದ ಹೋಗುವವರಲ್ಲಿ ಹೆಚ್ಚಿನವರು ಹಿಂದುಳಿದ ಜಾತಿಗಳ ಹಿಂದೂಗಳು.

ಇನ್ನೊಂದು ಕಡೆ ಬಂಗಾಳದ ಮುರ್ಷಿದಾಬಾದ್ ನೋಡಿ. ಮೂರರಲ್ಲಿ ಎರಡು ಪಾಲು ಮುಸ್ಲಿಮರಿರುವ ಜಿಲ್ಲೆ. ಅಲ್ಲಿನ ಗಾರೆ ಕೆಲಸದವರು ದೊಡ್ಡ ಸಂಖ್ಯೆಯಲ್ಲಿ ರೈಲು ಹತ್ತುವುದು ಕೇರಳಕ್ಕೆ. ಗಲ್ಫ್ ಹಣದಲ್ಲಿ ಏಳುವ ಮನೆಗಳಿಗೆ ಗೋಡೆ ಕಟ್ಟಲು! ಮನೆ ಕಟ್ಟಿಸುವವನೂ ಮುಸ್ಲಿಂ, ಕಟ್ಟುವವನೂ ಮುಸ್ಲಿಂ. ಒಬ್ಬ ದುಬೈ ಸೇರಿದ, ಇನ್ನೊಬ್ಬ ಮಲಪ್ಪುರಂವರೆಗೆ ಬಂದ. ಈ ವ್ಯತ್ಯಾಸಕ್ಕೆ ಧರ್ಮದಿಂದ ಉತ್ತರ ಹೊರಡಿಸಿ ನೋಡೋಣ.

ಒಂದು ವಿನಾಯಿತಿ ಇದೆ, ಅದನ್ನೂ ಹೇಳಿಬಿಡುತ್ತೇನೆ. ಮಕ್ಕಾದೊಳಗೆ ಮುಸ್ಲಿಮರಲ್ಲದವರಿಗೆ ಪ್ರವೇಶ ಇಲ್ಲ. ಅಲ್ಲಿನ ಕೆಲಸಕ್ಕೆ ಮುಸ್ಲಿಮರೇ ಬೇಕು. ಗಲ್ಫ್ ಅಂದರೆ ಮಕ್ಕಾ ಒಂದೇ ಅಲ್ಲವಲ್ಲ.

ಹಾಗಾದರೆ ಮಲಬಾರಿನ ಮುಸ್ಲಿಮರು ಜಾಸ್ತಿ ಹೋದದ್ದು ಯಾಕೆ? ಊರಲ್ಲಿ ಕೆಲಸ ಇರಲಿಲ್ಲ, ಪಕ್ಕದಲ್ಲಿ ಸಮುದ್ರವಿತ್ತು, ಆಚೆ ದಡದ ಜೊತೆ ಹಳೆಯ ವ್ಯಾಪಾರದ ಸಂಬಂಧವಿತ್ತು. 1960ರ ದಶಕದಲ್ಲೇ ಕೆಲವರು ಲಾಂಚ್ ಹತ್ತಿ ಹೋಗಿದ್ದರು. 1973ರಲ್ಲಿ ತೈಲದ ಬೆಲೆ ಏರಿ ಅಲ್ಲಿ ಹಣದ ಹೊಳೆ ಹರಿದಾಗ, ಮೊದಲೇ ಹೋಗಿದ್ದವನು ತಮ್ಮನನ್ನು ಕರೆಸಿಕೊಂಡ. ತಮ್ಮ ಭಾವನನ್ನು, ಭಾವ ತನ್ನ ಅಕ್ಕನ ಮಗನನ್ನು. ಅಂಗಡಿಯಲ್ಲಿ ಒಂದು ಜಾಗ ಖಾಲಿ ಇದೆ ಅಂತ ಮೊದಲು ಗೊತ್ತಾಗೋದು ಅಲ್ಲೇ ದುಡಿಯುವವನಿಗೆ. ಅವನು ಫೋನ್ ಮಾಡೋದು ಮನೆಗೆ. ನಮ್ಮಲ್ಲಿ ನೆಂಟಸ್ತಿಕೆ ಆಗೋದು ಧರ್ಮದೊಳಗೆ, ಜಾತಿಯೊಳಗೆ. ಹಾಗಾಗಿ ವೀಸಾ ಕೂಡ ಅದೇ ದಾರಿ ಹಿಡಿಯುತ್ತದೆ. ಧರ್ಮದ ಪಾತ್ರ ಇಲ್ಲ ಅಂತ ನಾನು ಹೇಳುತ್ತಿಲ್ಲ. ಅದು ಕೆಲಸ ಮಾಡುವುದು ಊರಿನ ತುದಿಯಲ್ಲಿ, ಶೇಖ್‌ನ ತುದಿಯಲ್ಲಿ ಅಲ್ಲ. ಇದೊಂದು ಅರ್ಥವಾದರೆ ಅರ್ಧ ಪಾಠ ಮುಗಿದಂತೆ. ಮಿಷನ್ ಆಸ್ಪತ್ರೆಗಳಲ್ಲಿ ನರ್ಸಿಂಗ್ ಕಲಿತ ಕೇರಳದ ಕ್ರೈಸ್ತ ಹೆಣ್ಣುಮಕ್ಕಳು ಕುವೈತ್ ಸೇರಿದ್ದು, ಮಂಗಳೂರಿನ ಕೊಂಕಣಿ ಕ್ರೈಸ್ತರು ಬಾಂಬೆ ದಾರಿಯಿಂದ ಬಹ್ರೇನ್ ತಲುಪಿದ್ದು, ಎಲ್ಲಕ್ಕೂ ಇದೇ ಸೂತ್ರ.

ನಿಜವಾಗಿ ಕೇಳಬೇಕಿದ್ದ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಯಾರು ಹೋಗಲೇ ಇಲ್ಲ? ಕೇರಳದ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರು ಶೇ. 9.1, ಪರಿಶಿಷ್ಟ ಪಂಗಡದವರು ಶೇ. 1.5. ಹೊರದೇಶಕ್ಕೆ ಹೋದವರಲ್ಲಿ ಅವರ ಪಾಲು ಇದಕ್ಕಿಂತ ತುಂಬಾ ಕಡಿಮೆ. ಕಡುಬಡವರೇ ವಲಸೆ ಹೋಗುತ್ತಾರೆ ಅನ್ನೋದೂ ಸುಮ್ನೆ ಬಾಯಿಂದ ಬಾಯಿಗೆ ಬಂದ ಮಾತು. ಗಲ್ಫ್‌ಗೆ ಹೋಗಲು ಮೊದಲು ದುಡ್ಡು ಬೇಕು. ನೋಂದಾಯಿತ ಏಜೆಂಟ್ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ ಅನ್ನುತ್ತದೆ ನಿಯಮ. ಕೊಟ್ಟು ಹೋದವರನ್ನು ಕೇಳಿ, ನಗುತ್ತಾರೆ. ಹೆಂಡತಿಯ ಒಡವೆ ಅಡವಿಡಬೇಕು, ಇಲ್ಲವೇ ಜಾಗದ ಪತ್ರ ಇಡಬೇಕು, ಇಲ್ಲವೇ ಅಲ್ಲಿರುವ ಅಣ್ಣ ಟಿಕೆಟ್ ಕಳಿಸಬೇಕು. ಒಡವೆಯೂ ಇಲ್ಲ, ಪತ್ರವೂ ಇಲ್ಲ, ಅಲ್ಲಿ ಅಣ್ಣನೂ ಇಲ್ಲ ಅಂದರೆ ಹೇಗೆ ಹೋಗೋದು?

ವಯನಾಡಿನ ಪಣಿಯ ಬುಡಕಟ್ಟಿನ ಜನರ ಪಾಡು ಇದೇ. ಅವರೂ ವಲಸೆ ಹೋಗುತ್ತಾರೆ, ಆದರೆ ಬರುವುದು ನಮ್ಮ ಕೊಡಗಿನ ಕಡೆಗೆ, ಶುಂಠಿ ಹೊಲದ ಕೂಲಿಗೆ. ಗಡಿ ದಾಟಿದರೂ ಇದಕ್ಕೆ ಪಾಸ್‌ಪೋರ್ಟ್ ಬೇಡ, ವೀಸಾ ಬೇಡ. ವಾರಕ್ಕೊಮ್ಮೆ ಹಣ ಕಳಿಸುವಷ್ಟು ಕೂಲಿಯೂ ಉಳಿಯುವುದಿಲ್ಲ. ಈ ಕೂಲಿಯ ಬಗ್ಗೆ ಇಲ್ಲಿಯವರೆಗೆ ಒಬ್ಬ ಓದುಗರೂ ಪ್ರಶ್ನೆ ಕಳಿಸಿಲ್ಲ. ಕಳಿಸಿ, ಬರೆಯುತ್ತೇನೆ.