ಮುದ್ದೆ ಮೇಲಿನ ಹಪ್ಪಳ

ಮೇ ತಿಂಗಳ ಒಂದು ಭಾನುವಾರ, ಹನ್ನೊಂದು ಗಂಟೆ ಹೊತ್ತಿಗೆ, ದಾವಣಗೆರೆಯ ನಮ್ಮ ಮನೆ ಮುಂದೆ ಕಾರು ತೊಳೆದೆ. ಬೋರಿನ ಪೈಪು ಹಿಡಿದು ಧಾರಾಳವಾಗಿ ನೀರು ಬಿಟ್ಟೆ. ಬಾನೆಟ್ ಮೇಲೆ ನೀರು ಮುತ್ತು ಮುತ್ತಾಗಿ ಕೂತಿತು. ಒಂದೂವರೆ ತಿಂಗಳ ಹಿಂದಷ್ಟೇ 18 ಸಾವಿರ ಕೊಟ್ಟು ಸೆರಾಮಿಕ್ ಕೋಟಿಂಗ್, ಅಂದರೆ ಬಣ್ಣ ಕಾಯುವ ತೆಳು ಲೇಪ, ಮಾಡಿಸಿದ್ದೆ. ದುಡ್ಡು ವಸೂಲಾಯ್ತು ಅಂದುಕೊಂಡು ಫೋಟೊ ತೆಗೆದೆ. ಅಷ್ಟರಲ್ಲಿ ಬೆಣ್ಣೆ ದೋಸೆ ಪಾರ್ಸಲ್ ಬಂತು, ಒಳಗೆ ಹೋದೆ.

ಅರ್ಧ ಗಂಟೆ ಬಿಟ್ಟು ಬಂದರೆ ಮುತ್ತುಗಳಿದ್ದ ಜಾಗದಲ್ಲೆಲ್ಲ ಬಿಳಿ ಉಂಗುರಗಳು. ಕಡು ನೀಲಿ ಬಣ್ಣದ ಕಾರು ಬೇರೆ, ಒಂದೊಂದೂ ಎಣಿಸುವ ಹಾಗೆ ಕಾಣುತ್ತಿತ್ತು. ಬಟ್ಟೆಯಲ್ಲಿ ಒರೆಸಿದೆ, ಹೋಗಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಅದಕ್ಕೂ ಜಗ್ಗಲಿಲ್ಲ. ಕೋಟಿಂಗ್ ಹಾಕಿದ ಅಂಗಡಿಯ ಹುಡುಗನಿಗೆ ಫೋನ್ ಮಾಡಿದೆ.

"ಬಿಸ್ಲಾಗೆ ತೊಳ್ದ್ರಾ ಸರ್? ಬೋರ್ ನೀರಾಗೆ? ಒರೆಸ್ಲಿಲ್ವಾ?"

ಮೂರು ಪ್ರಶ್ನೆ, ಮೂರರಲ್ಲೂ ನಾನು ಫೇಲ್. "ಮತ್ತೆ ಕೋಟಿಂಗ್ ಏನ್ ಮಾಡುತ್ತೆ ಸರ್" ಅಂದ. ಸಿಟ್ಟು ಬಂತು. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ಕೋಟಿಂಗ್ ನಿಜವಾಗಿ ಏನು ಮಾಡುತ್ತದೆ?

ಕಾರಿನ ಬಣ್ಣ ಅಂದರೆ ಒಂದೇ ಪದರ ಅಲ್ಲ. ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಪದರ. ಅದರ ಮೇಲೆ ಪ್ರೈಮರ್, ಆಮೇಲೆ ನಮ್ಮ ಕಣ್ಣಿಗೆ ಕಾಣುವ ಬಣ್ಣ. ಎಲ್ಲದರ ಮೇಲೆ ಬಣ್ಣವೇ ಇಲ್ಲದ ಕ್ಲಿಯರ್ ಕೋಟ್. ಎಲ್ಲ ಸೇರಿ ಹೆಚ್ಚುಕಡಿಮೆ 100ರಿಂದ 140 ಮೈಕ್ರಾನ್. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ. ಅಂದರೆ ಕಾರಿನ ಇಡೀ ಬಣ್ಣ ಹೆಚ್ಚೆಂದರೆ ಎರಡು ಕೂದಲಷ್ಟು ದಪ್ಪ. ಹೊಳಪು ಕೊಡುವ ಕ್ಲಿಯರ್ ಕೋಟ್ 40–50 ಮೈಕ್ರಾನ್, ಒಂದು ಕೂದಲಷ್ಟೂ ಇಲ್ಲ.

ಸೆರಾಮಿಕ್ ಕೋಟಿಂಗ್ ಕೂರುವುದು ಇದರ ಮೇಲೆ. ಒಣಗಿದ ಮೇಲೆ ಅದರ ದಪ್ಪ ಸಾಮಾನ್ಯವಾಗಿ ಒಂದೆರಡು ಮೈಕ್ರಾನ್, ಅಷ್ಟೇ.

ಸೆರಾಮಿಕ್ ಅನ್ನುವ ಪದ ಕುಂಬಾರರ ಮಣ್ಣಿಗೆ ಗ್ರೀಕರು ಇಟ್ಟ ಹೆಸರಿನಿಂದ ಬಂದದ್ದು. ಈ ಬಾಟಲಿಯಲ್ಲಿ ಮಣ್ಣೂ ಇಲ್ಲ, ಅದನ್ನು ಯಾರೂ ಆವಿಗೆಯಲ್ಲಿ ಸುಡುವುದೂ ಇಲ್ಲ. ಒಳಗಿರುವುದು ಸಿಲಿಕಾನ್ ಮೂಲದ ರಾಳ, ಅದನ್ನು ಕರಗಿಸಿದ ದ್ರಾವಕ. ಹಚ್ಚಿದಾಗ ದ್ರಾವಕ ಹಾರಿಹೋಗುತ್ತದೆ. ಉಳಿದ ರಾಳ ಗಾಳಿಯ ತೇವದ ಜೊತೆ ಸೇರುತ್ತದೆ. ಆಗ ಸಿಲಿಕಾನ್ ಮತ್ತು ಆಕ್ಸಿಜನ್ ಪರಮಾಣುಗಳು ಒಂದಕ್ಕೊಂದು ಕೈ ಹಿಡಿದುಕೊಂಡು ಬಲೆ ಹೆಣೆಯುತ್ತವೆ. ಮರಳು ಮತ್ತು ಗಾಜಿನಲ್ಲಿ ಇರುವುದೂ ಇದೇ ಜೋಡಿ. ಬಲೆಯ ಕೆಲವು ಕೊಂಡಿಗಳು ಕ್ಲಿಯರ್ ಕೋಟನ್ನೇ ಹಿಡಿದುಕೊಳ್ಳುತ್ತವೆ. ಅದಕ್ಕೇ ಮೇಣದ ಪಾಲಿಶ್ ಎರಡು ತಿಂಗಳಲ್ಲಿ ಹೋದರೂ ಇದು ವರ್ಷಗಟ್ಟಲೆ ನಿಲ್ಲುತ್ತದೆ.

ಗಟ್ಟಿಯಾಗಲು ತೇವ ಬೇಕು, ಆದರೆ ನೀರು ಬೀಳಬಾರದು. ಮೊದಲ ದಿನವಂತೂ ಒಂದು ಹನಿಯೂ ಸೋಕಬಾರದು. ಪೂರ್ತಿ ಗಟ್ಟಿಯಾಗಲು ಒಂದು ವಾರ ಹಿಡಿಯುತ್ತದೆ, ಅಲ್ಲಿಯವರೆಗೆ ಶಾಂಪೂ ಹಾಕುವಂತಿಲ್ಲ. ಬೆಳಿಗ್ಗೆ ಹಚ್ಚಿ ಸಂಜೆ ಕೀ ಕೊಟ್ಟು, ನಾಳೆಯೇ ವಾಟರ್ ವಾಶ್ ಮಾಡಿಸಿ ಅನ್ನುವ ಅಂಗಡಿ ಕಂಡರೆ ಹಾಗೇ ಮುಂದೆ ಹೋಗಿ.

ಈಗ ನೀರಿನ ಮುತ್ತಿನ ವಿಷಯ. ಹನಿಯೊಂದು ಮೇಲ್ಮೈಯನ್ನು ಮುಟ್ಟುವ ಅಂಚಿನಲ್ಲಿ ಒಂದು ಕೋನ ಇರುತ್ತದೆ. ಇಂಗ್ಲೆಂಡಿನ ಥಾಮಸ್ ಯಂಗ್ 1805ರಲ್ಲೇ ಇದರ ಲೆಕ್ಕ ಹೇಳಿದ್ದ. ತೊಳೆದ ಗಾಜಿನ ಮೇಲೆ ಹನಿ ಚಪ್ಪಟೆಯಾಗಿ ಹರಡುತ್ತದೆ, ಕೋನ ತೀರಾ ಸಣ್ಣದು. ಒಳ್ಳೆಯ ಕೋಟಿಂಗ್ ಮೇಲೆ ಅದು 100–110 ಡಿಗ್ರಿ ಆಗಿ, ಹನಿ ಉಬ್ಬಿ ಕೂರುತ್ತದೆ. ಜಾಹೀರಾತಿನವರು ಇದಕ್ಕೆ ತಾವರೆ ಎಲೆಯ ಹೋಲಿಕೆ ಕೊಡುತ್ತಾರೆ. ಅದು ಸ್ವಲ್ಪ ಜಾಸ್ತಿಯೇ ಆಯಿತು. ತಾವರೆ ಎಲೆ, ಕೆಸುವಿನ ಎಲೆಗಳ ಮೇಲೆ ಕೋನ 150 ಡಿಗ್ರಿ ದಾಟುತ್ತದೆ. ಆ ಎಲೆಗಳ ಮೇಲೆ ಮೇಣ ಇರುವುದಷ್ಟೇ ಅಲ್ಲ, ಕಣ್ಣಿಗೆ ಕಾಣದ ಸಣ್ಣ ಸಣ್ಣ ಉಬ್ಬುಗಳೂ ಇವೆ ಎಂದು ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ಟ್‌ಲಾಟ್ ತಂಡ 1997ರಲ್ಲಿ ವಿವರವಾಗಿ ತೋರಿಸಿತು. ಕಾರಿಗೆ ಅಂಥ ಉಬ್ಬು ಕೊಟ್ಟರೆ ಹೊಳಪು ಹೋಗಿ ಮಂಕಾಗುತ್ತದೆ. ನುಣ್ಣಗಿನ ಮೇಲ್ಮೈಯಲ್ಲಿ ಏನೇ ಹಚ್ಚಿದರೂ 120 ಡಿಗ್ರಿ ದಾಟುವುದು ಕಷ್ಟ.

ಹಾಗಾಗಿ ನನ್ನ ಬಾನೆಟ್ ಮೇಲಿನ ಮುತ್ತುಗಳು ತಾವರೆ ಎಲೆಯ ಮೇಲಿನಂತೆ ಉರುಳಿ ಹೋಗಲಿಲ್ಲ. ಕೂತಲ್ಲೇ ಒಣಗಿದವು. ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಲೀಟರಿಗೆ ಒಟ್ಟು 500 ಮಿಲಿಗ್ರಾಂ ಲವಣ ಇರುವ ನೀರು ಕುಡಿಯಲೂ ಆಗುತ್ತದೆ. ಭಾರತೀಯ ಮಾನಕ ಒಪ್ಪುವ ಮಟ್ಟ ಅದು. ಅಂಥ ನೀರು ಕಾರಿನ ಮೇಲೆ ಕಾಲು ಲೀಟರ್ ಉಳಿದು ಒಣಗಿತು ಅನ್ನಿ. ನೀರು ಹಾರಿಹೋಗುತ್ತದೆ, 125 ಮಿಲಿಗ್ರಾಂ ಉಪ್ಪು ಎಲ್ಲಿಗೂ ಹೋಗುವುದಿಲ್ಲ. ಕೋಟಿಂಗ್ ಇಲ್ಲದ ಕಾರಿನಲ್ಲಿ ಅದು ತೆಳ್ಳಗೆ ಹರಡಿ ಮಂಕು ಪೊರೆಯಾಗುತ್ತದೆ. ಕೋಟಿಂಗ್ ಇದ್ದರೆ ಹನಿಯಿದ್ದ ಕಡೆಯಷ್ಟೇ ಒತ್ತಾಗಿ ಕೂತು ಉಂಗುರವಾಗುತ್ತದೆ. ನೀರನ್ನು ಮುತ್ತಾಗಿಸುವ ಗುಣವೇ ಕಲೆಯನ್ನೂ ಎದ್ದು ಕಾಣಿಸುತ್ತದೆ ಅಂತ ಅಂಗಡಿಯಲ್ಲಿ ಯಾರೂ ಹೇಳಿರಲಿಲ್ಲ.

ಆ ಉಂಗುರ ಹೋಗಿದ್ದು ಅಡುಗೆಮನೆಯ ವಿನೆಗರ್‌ನಿಂದ. ಅಷ್ಟೇ ನೀರು ಬೆರೆಸಿ, ಸಂಜೆ ಬಾನೆಟ್ ತಣ್ಣಗಾದ ಮೇಲೆ, ಮೆತ್ತನೆ ಬಟ್ಟೆ ಅದ್ದಿ ಅರ್ಧ ನಿಮಿಷ ಇಟ್ಟೆ. ಗೀಸರ್ ಕಾಯಿಲ್ ಮೇಲೆ ಕಟ್ಟುವ ಬಿಳಿ ಸುಣ್ಣವೇ ಇಲ್ಲೂ ಇರುವುದು, ಆಸಿಡ್ ಸೋಕಿದರೆ ಕರಗುತ್ತದೆ. ಆಮೇಲೆ ಕುಂದವಾಡ ಕೆರೆಯಿಂದ ಬರುವ ನಲ್ಲಿ ನೀರಿನಲ್ಲಿ ತೊಳೆದು ಒರೆಸಿದೆ. ಮುಕ್ಕಾಲು ಪಾಲು ಹೋಯಿತು. ಉಳಿದದ್ದು ಈಗಲೂ ಇದೆ, ಓರೆಯಾಗಿ ನೋಡಿದರೆ ಕಾಣುತ್ತದೆ.

ಇನ್ನು ಅಂಗಡಿ ಬೋರ್ಡಿನಲ್ಲಿ ದೊಡ್ಡದಾಗಿ ಬರೆದಿರುವ "9ಎಚ್". ಇದನ್ನು ಓದಿ ವಜ್ರಕ್ಕಿಂತ ಒಂದು ಮೆಟ್ಟಿಲಷ್ಟೇ ಕೆಳಗೆ ಅಂದುಕೊಳ್ಳುವವರಿದ್ದಾರೆ. ನಾನೂ ಅಂದುಕೊಂಡಿದ್ದೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಅಳತೆಯಲ್ಲಿ ವಜ್ರ 10, ನಿಜ. ಆದರೆ ಈ 9ಎಚ್ ಆ ಅಳತೆಯದಲ್ಲ. ಇದು ಪೆನ್ಸಿಲ್! ಶಾಲೆಯಲ್ಲಿ ಚಿತ್ರ ಬರೆಯಲು ಎಚ್‌ಬಿ, 2ಬಿ ಅಂತ ತರುತ್ತಿದ್ದೆವಲ್ಲ, ಅದೇ ಸಾಲಿನ ತುತ್ತತುದಿ. 45 ಡಿಗ್ರಿ ಓರೆಯಲ್ಲಿ, 750 ಗ್ರಾಂ ಭಾರ ಹೇರಿ ಪೆನ್ಸಿಲ್ ಎಳೆಯುತ್ತಾರೆ. 9ಎಚ್ ಪೆನ್ಸಿಲ್ಲಿಗೂ ಗೀರು ಬೀಳದಿದ್ದರೆ ಆ ಕೋಟಿಂಗ್ 9ಎಚ್. ಪೆನ್ಸಿಲ್ ಕಡ್ಡಿ ಗ್ರಾಫೈಟ್ ಮತ್ತು ಜೇಡಿಮಣ್ಣಿನ ಮಿಶ್ರಣ, ಮಣ್ಣು ಹೆಚ್ಚಾದಷ್ಟೂ ಗಡಸು. ಅಂತೂ ಇಲ್ಲಿ ಕುಂಬಾರನ ಮಣ್ಣು ಬಂತು ನೋಡಿ, ಕೋಟಿಂಗಿನಲ್ಲಲ್ಲ, ಅದನ್ನು ಪರೀಕ್ಷಿಸುವ ಕಡ್ಡಿಯಲ್ಲಿ.

ನಮ್ಮ ಕಡೆಯ ಧೂಳು ಪೆನ್ಸಿಲ್ ಕಡ್ಡಿ ಅಲ್ಲ. ಚಿತ್ರದುರ್ಗದ ಕೋಟೆ ಹತ್ತಿದವರು ಅಲ್ಲಿನ ಬಂಡೆಗಳನ್ನು ನೋಡಿರುತ್ತೀರಿ. ಅಂಥ ಕಲ್ಲು ಸವೆದು ಆದ ಮಣ್ಣಿನಲ್ಲಿ ಬೆಣಚುಕಲ್ಲಿನ ಚೂರು ಇದ್ದೇ ಇರುತ್ತದೆ. ಬೆಣಚಿನ ಗಡಸುತನ ಮೋಸ್ ಅಳತೆಯಲ್ಲಿ 7. ಅದು ಚಾಕುವಿನ ಉಕ್ಕನ್ನೇ ಗೀರುತ್ತದೆ, ಇನ್ನು ಕಾರಿನ ಬಣ್ಣ ಯಾವ ಲೆಕ್ಕ? ಇನ್ನೊಂದು ಮಾತು. ಕೋಟಿಂಗ್ ಎಷ್ಟೇ ಗಟ್ಟಿ ಇರಲಿ, ಅದರ ಕೆಳಗಿರುವ ಕ್ಲಿಯರ್ ಕೋಟ್ ಒಂದು ಪ್ಲಾಸ್ಟಿಕ್, ಮೆತ್ತಗಿನದು. ಬಿಸಿ ಮುದ್ದೆಯ ಮೇಲೆ ಹಪ್ಪಳ ಇಟ್ಟು ಬೆರಳಿನಲ್ಲಿ ಒತ್ತಿ ನೋಡಿ. ಹಪ್ಪಳ ಗಟ್ಟಿಯಾಗಿದೆ ಅಂತ ಮುದ್ದೆ ಉಳಿಯುತ್ತದೆಯೇ? ಹೆದ್ದಾರಿಯಲ್ಲಿ ಲಾರಿ ಚಕ್ರದಿಂದ ಹಾರಿ ಬರುವ ಜಲ್ಲಿಕಲ್ಲಿಗೆ ಒಂದೆರಡು ಮೈಕ್ರಾನಿನ ಪದರ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕಲ್ಲಿನ ಏಟು ತಡೆಯಬೇಕಾದರೆ ಪಿಪಿಎಫ್, ಅಂದರೆ ಪೇಂಟ್ ಪ್ರೊಟೆಕ್ಷನ್ ಫಿಲ್ಮ್ ಬೇಕು. ಅದು 150–200 ಮೈಕ್ರಾನ್ ದಪ್ಪದ ಪಾಲಿಯುರೆಥೇನ್ ಹಾಳೆ, ಬೆಲೆಯೂ ಕೋಟಿಂಗಿನ ಹಲವು ಪಟ್ಟು. ದಿನಾ ದಾವಣಗೆರೆ–ಚಿತ್ರದುರ್ಗ ಓಡಾಡುವವರಾದರೆ ಬಾನೆಟ್ಟಿಗೆ, ಮುಂದಿನ ಬಂಪರ್‌ಗೆ ಮಾತ್ರ ಅದನ್ನು ಹಾಕಿಸಿದರೆ ಸಾಕು ಅಂತ ನನ್ನ ಅಭಿಪ್ರಾಯ.

ಕಾರು ಹಳತಾಗಿ ಕಾಣುವುದು ಜಲ್ಲಿ ಏಟಿಗಿಂತ ಹೆಚ್ಚಾಗಿ ಒರೆಸಿ ಒರೆಸಿ. ಮನೆಯಲ್ಲಿ ಹತ್ತು ವರ್ಷ ಉಜ್ಜಿದ ಸ್ಟೀಲ್ ತಟ್ಟೆ ಇದ್ದರೆ ತಂದು ಬಲ್ಬಿನ ಕೆಳಗೆ ಹಿಡಿಯಿರಿ. ಬಲ್ಬಿನ ಬಿಂಬದ ಸುತ್ತ ಜೇಡರ ಬಲೆಯಂತೆ ಗುಂಡಗೆ ಗೀರುಗಳು ಕಾಣುತ್ತವೆ. ತಟ್ಟೆಯನ್ನು ಸ್ವಲ್ಪ ಓರೆ ಮಾಡಿ. ಬಿಂಬ ಸರಿದ ಕಡೆಗೇ ಬಲೆಯೂ ಸರಿಯುತ್ತದೆ! ಅಂದರೆ ಗೀರುಗಳು ಗುಂಡಗಿಲ್ಲ. ಎಲ್ಲ ದಿಕ್ಕಿಗೂ ಇವೆ. ಬೆಳಕಿಗೆ ಅಡ್ಡವಾಗಿರುವ ಗೀರುಗಳಷ್ಟೇ ಅದನ್ನು ನಮ್ಮ ಕಣ್ಣಿನ ಕಡೆಗೆ ತಿರುಗಿಸುತ್ತವೆ, ಅವಷ್ಟೇ ಕಾಣುತ್ತವೆ. ಬಿಂಬದ ಸುತ್ತ ಅಂಥವು ಸೇರಿ ವೃತ್ತದ ಭ್ರಮೆ ಹುಟ್ಟಿಸುತ್ತವೆ. ಸಂಜೆ ಬೀದಿ ದೀಪದ ಕೆಳಗೆ ಕಪ್ಪು ಕಾರು ನಿಂತಾಗ ಕಾಣುವ ಬಲೆಯೂ ಇದೇ. ದಿನಾ ಬೆಳಿಗ್ಗೆ ಅರ್ಧ ಬಕೆಟ್ ನೀರಿನಲ್ಲಿ ಒಂದೇ ಬಟ್ಟೆ ಅದ್ದಿ ಅದ್ದಿ ಒರೆಸುತ್ತೇವಲ್ಲ, ಅದು ಬಟ್ಟೆಗೆ ಅಂಟಿದ ಬೆಣಚಿನ ಚೂರುಗಳಿಂದ ಕಾರಿನ ಮೇಲೆ ದಿನಾ ಮರಳು ಕಾಗದ ಎಳೆದ ಹಾಗೆ.

ಇದನ್ನು ಅರಿತ ಮೇಲೆ ನಾನು ಕಾರು ತೊಳೆಯುವ ರೀತಿ ಬದಲಾಯಿತು. ಧೂಳಿದ್ದರೆ ಒಣ ಬಟ್ಟೆ ಮುಟ್ಟಿಸುವುದಿಲ್ಲ. ಮೊದಲು ಬರೀ ನೀರಿನಲ್ಲಿ ಮಣ್ಣು ಇಳಿಸುತ್ತೇನೆ. ಒಂದು ಬಕೆಟ್ಟಿನಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಮೇಲಿನಿಂದ ಕೆಳಕ್ಕೆ ಉಜ್ಜುತ್ತೇನೆ, ಚಕ್ರದ ಬಟ್ಟೆ ಬೇರೆಯೇ. ಬಟ್ಟೆ ಸೋಪಿನ ಪುಡಿ ಬೇಡ, ಅದು ತುಂಬಾ ಕ್ಷಾರ. ವಾಶಿಂಗ್ ಸೆಂಟರಿನಲ್ಲಿ ಡೀಸೆಲ್ ಸಿಂಪಡಿಸಿ ಹೊಳಪು ಬರಿಸುತ್ತೇವೆ ಅಂದರೆ ಬೇಡ ಅನ್ನಿ. ಕೊನೆಯ ಜಾಲು ನಲ್ಲಿ ನೀರಿನಲ್ಲಿ, ಆಮೇಲೆ ದಪ್ಪ ಮೈಕ್ರೋಫೈಬರ್ ಬಟ್ಟೆಯಲ್ಲಿ ಕೂಡಲೇ ಒರೆಸುವುದು. ಇಷ್ಟೂ ಬೆಳಿಗ್ಗೆ ಏಳರೊಳಗೆ.

ಹಕ್ಕಿ ಹಿಕ್ಕೆಯ ವಿಷಯದಲ್ಲಿ ಮಾತ್ರ ಭಾನುವಾರಕ್ಕೆ ಕಾಯಬೇಡಿ. ಅದರಲ್ಲಿ ಯೂರಿಕ್ ಆಸಿಡ್ ಇದೆ. ಬಿಸಿಲಿಗೆ ಕ್ಲಿಯರ್ ಕೋಟ್ ಹಿಗ್ಗಿ ಮೆತ್ತಗಾಗುತ್ತದೆ, ರಾತ್ರಿ ತಣ್ಣಗಾಗಿ ಕುಗ್ಗುವಾಗ ಒಣಗಿದ ಹಿಕ್ಕೆಯ ಅಚ್ಚು ಅದರಲ್ಲಿ ಉಳಿದುಬಿಡುತ್ತದೆ. ಕೋಟಿಂಗ್ ಇದ್ದರೆ ಸ್ವಲ್ಪ ಹೊತ್ತು ಜಾಸ್ತಿ ಸಿಗುತ್ತದೆ, ಅಷ್ಟೇ. ಕೆರೆಯಬೇಡಿ, ಒದ್ದೆ ಬಟ್ಟೆ ಹೊದಿಸಿ ನೆನೆಸಿ ಎತ್ತಿ.

ಕೋಟಿಂಗ್ ಮಾಡಿಸಬೇಕೋ ಬೇಡವೋ? ಕಡು ಬಣ್ಣದ ಕಾರು, ನೆರಳಿನ ಜಾಗ, ಐದಾರು ವರ್ಷ ಇಟ್ಟುಕೊಳ್ಳುವ ಯೋಚನೆ, ಸರಿಯಾಗಿ ತೊಳೆಯುವ ಕೈ ಇದ್ದರೆ ಮಾಡಿಸಿ. ಧೂಳು, ಮಸಿ, ಮರದ ಅಂಟು ಬೇಗ ಬಿಡುತ್ತವೆ, ತೊಳೆಯುವುದು ಹಗುರ. ಬಿಳಿ ಕಾರು, ಬಯಲಲ್ಲೇ ನಿಲ್ಲುತ್ತದೆ, ತೊಳೆಯುವವರು ವಾರಕ್ಕೊಬ್ಬರು ಬದಲಾಗುತ್ತಾರೆ ಅಂದರೆ ಆರು ತಿಂಗಳು ಬರುವ ಸ್ಪ್ರೇ ಸೀಲಂಟ್, ಅಂದರೆ ಸಿಂಪಡಿಸಿ ಒರೆಸುವ ಲೇಪ, ಸಾಕು. ಅದನ್ನು ಮನೆಯಲ್ಲೇ ಹಚ್ಚಬಹುದು.

ಅಂಗಡಿಗೆ ಹೋದರೆ ಎಷ್ಟು ವರ್ಷ ಬರುತ್ತದೆ ಅಂತ ಮೊದಲು ಕೇಳಬೇಡಿ. ಹಚ್ಚುವ ಮುಂಚೆ ಏನೇನು ಮಾಡುತ್ತೀರಿ ಅಂತ ಕೇಳಿ. ಬಣ್ಣದೊಳಗೆ ಕೂತ ಕಬ್ಬಿಣದ ಕಣ ತೆಗೆಯಬೇಕು. ಬ್ರೇಕ್ ಸವೆದು ಉದುರುವುದೂ ಕಬ್ಬಿಣವೇ, ಭೀಮಸಮುದ್ರದ ಕಡೆಯ ಅದಿರು ಲಾರಿಗಳ ಹಿಂದೆ ಓಡಿದ ಕಾರಿಗಂತೂ ಕೇಳುವುದೇ ಬೇಡ. ಅದಕ್ಕೆಂದೇ ಇರುವ ದ್ರವ ಸಿಂಪಡಿಸಿದರೆ ಕಬ್ಬಿಣವಿದ್ದ ಕಡೆಯೆಲ್ಲ ನೇರಳೆ ಹಣ್ಣು ಹಿಂಡಿದಂತೆ ಬಣ್ಣ ಇಳಿಯುತ್ತದೆ. ನೋಡುವಂತಿರುತ್ತದೆ. ಆಮೇಲೆ ಪಾಲಿಶ್. ಪಾಲಿಶ್ ಅಂದರೆ ಗೀರು ತುಂಬುವುದಲ್ಲ, ಅದರ ಆಳಕ್ಕೆ ಕ್ಲಿಯರ್ ಕೋಟನ್ನೇ ಕೆರೆಯುವುದು. ಪ್ರತಿ ಸಲ ಕೆಲವು ಮೈಕ್ರಾನ್ ಹೋಗುತ್ತದೆ, ಮತ್ತೆ ಬೆಳೆಯುವುದಿಲ್ಲ. ಆದ್ದರಿಂದ ಮೊದಲು ಗೇಜ್ ಇಟ್ಟು ದಪ್ಪ ಅಳೆಯುವ ಅಂಗಡಿ ಮೇಲು. ಕೊನೆಗೆ ವಾರಂಟಿ ಕಾರ್ಡಿನ ಹಿಂಬದಿ ಓದಿ. ನನ್ನದರಲ್ಲಿ ನೀರಿನ ಕಲೆ, ಹಕ್ಕಿ ಹಿಕ್ಕೆ, ಗೀರು ಮೂರೂ ಹೊರಗಿದ್ದವು.

ವರ್ಷದೊಳಗೆ ನೀರು ಮುತ್ತಾಗುವುದು ನಿಂತರೆ ಕೋಟಿಂಗ್ ಸತ್ತಿತು ಅಂತ ಮತ್ತೆ ದುಡ್ಡು ಸುರಿಯಬೇಡಿ. ಬಹಳ ಸಲ ಅದರ ಮೇಲೆ ಧೂಳು, ಸುಣ್ಣ ಕಟ್ಟಿರುತ್ತದೆ. ಹುಳಿ ಗುಣದ ಶಾಂಪೂ ಹಾಕಿ ಒಮ್ಮೆ ತೊಳೆದು ನೋಡಿ. ನನ್ನ ಕಾರಿಗೆ ದೀಪಾವಳಿ ಹೊತ್ತಿಗೆ ಹೀಗೇ ಆಗಿ, ಒಂದೇ ತೊಳೆತಕ್ಕೆ ಮುತ್ತುಗಳು ವಾಪಸ್ ಬಂದವು.

ಮೊನ್ನೆ ಹೊಳಲ್ಕೆರೆಯಿಂದ ನಮ್ಮ ಮಾವ ಹೊಸ ಬಿಳಿ ಕಾರಿನಲ್ಲಿ ಬಂದರು. ಕೋಟಿಂಗ್ ಮಾಡಿಸಲೇನಪ್ಪ ಅಂದರು. ಇಷ್ಟೂ ಕಥೆ ಹೇಳಿ, ಬೇಡ ಮಾವ, ಎರಡು ಬಕೆಟ್, ನಾಲ್ಕು ಮೈಕ್ರೋಫೈಬರ್ ಬಟ್ಟೆ ತಗೊಳ್ಳಿ ಸಾಕು ಅಂದೆ. ಬಟ್ಟೆ ನಾನೇ ಕೊಡಿಸಿದೆ. ಮಾರನೆ ದಿನ ಬೆಳಿಗ್ಗೆ ಎದ್ದು ಹೊರಗೆ ಬಂದರೆ, ಹೊಸ ಬಟ್ಟೆ ಕವರಿನಲ್ಲೇ ಇತ್ತು. ಅದು ಹಾಳಾಗಬಾರದು ಅಂತ ಮಾವ ತಮ್ಮ ಹಳೆ ಬನಿಯನ್ ತಗೊಂಡು ಬಾನೆಟ್ಟಿನ ಧೂಳು ಝಾಡಿಸುತ್ತಿದ್ದರು.